ಶಾಲೆಗೆ ಎಂಥ ಸೋಲ್ಡರಿಂಗ್ ಐರನ್ ಬೇಕು?

ಮಕ್ಕಳೇ, ರೇಡಿಯೋ, ಟಿ.ವಿ. ರಿಪೇರಿ ಮಾಡುವ ಅಂಗಡಿಯ ಮುಂದೆ ನಿಂತು ನೋಡಿದ್ದೀರಾ? ಪೆನ್ನಿನಂಥ ಒಂದು ಸಾಧನದ ಬಿಸಿ ತುದಿಯನ್ನು ತಂತಿಗೆ ಮುಟ್ಟಿಸುತ್ತಾರೆ. ಬೆಳ್ಳಿಯಂತೆ ಹೊಳೆಯುವ ಹನಿಯೊಂದು ಕರಗಿ ಹರಡುತ್ತದೆ. ತೆಳುವಾದ ಹೊಗೆ ಏಳುತ್ತದೆ. ಅಷ್ಟರಲ್ಲಿ ಎರಡು ತಂತಿಗಳು ಒಂದಾಗಿರುತ್ತವೆ! ಈ ಕೆಲಸವೇ ಬೆಸುಗೆ. ಆ ಸಾಧನವೇ ಸೋಲ್ಡರಿಂಗ್ ಐರನ್.

ನಿಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ ಇಂಥದೊಂದನ್ನು ಕೊಳ್ಳಬೇಕಾಗಿದೆ ಎಂದುಕೊಳ್ಳಿ. ಅಂಗಡಿಯಲ್ಲಿ 10 ವ್ಯಾಟ್‌ನದೂ ಇದೆ, 25 ವ್ಯಾಟ್‌ನದೂ ಇದೆ, 60 ವ್ಯಾಟ್ ಮೀರಿದ್ದೂ ಇದೆ. 'ದೊಡ್ಡದನ್ನೇ ತರೋಣ, ಎಲ್ಲ ಕೆಲಸಕ್ಕೂ ಆಗುತ್ತದೆ' ಎನ್ನುವವರೇ ಹೆಚ್ಚು. ನನ್ನ ಅಭಿಪ್ರಾಯ ಬೇರೆ. ಶಾಲೆಗೆ 25 ವ್ಯಾಟ್ ಸಾಕು. ಉಳಿದ ಹಣವನ್ನು ಸುರಕ್ಷತೆಗೆ ಖರ್ಚು ಮಾಡಬೇಕು.

ಏಕೆ ಗೊತ್ತೇ? ಅಡುಗೆ ಮನೆಯನ್ನು ನೆನಪಿಸಿಕೊಳ್ಳಿ. ಒಗ್ಗರಣೆ ಸೌಟನ್ನು ಧಗಧಗ ಉರಿಯುವ ದೊಡ್ಡ ಒಲೆಯ ಮೇಲಿಟ್ಟರೆ ಸಾಸಿವೆ ಸೀದು ಹೋಗುತ್ತದೆ. ಕೊಪ್ಪರಿಗೆ ನೀರನ್ನು ಸಣ್ಣ ಉರಿಯಲ್ಲಿಟ್ಟರೆ ಸಂಜೆಯಾದರೂ ಕುದಿಯುವುದಿಲ್ಲ. ಉರಿ ಪಾತ್ರೆಗೆ ತಕ್ಕಂತಿರಬೇಕು. ವ್ಯಾಟ್ ಎಂದರೆ ಪ್ರತಿ ಸೆಕೆಂಡಿಗೆ ಎಷ್ಟು ಶಕ್ತಿ ಬಳಕೆಯಾಗುತ್ತದೆ ಎಂಬುದರ ಅಳತೆ. ಎಲ್.ಇ.ಡಿ., ಟ್ರಾನ್ಸಿಸ್ಟರ್‌ಗಳ ಕಾಲುಗಳು ಒಗ್ಗರಣೆ ಸೌಟಿನಂತೆ. ಅವಕ್ಕೆ ಸ್ವಲ್ಪ ಶಾಖ ಸಾಕು. ದಪ್ಪ ತಂತಿ, ತಗಡಿನ ಹಾಳೆ ಕೊಪ್ಪರಿಗೆಯಂತೆ. ಅವು ಶಾಖವನ್ನು ಬೇಗ ಹೀರಿ ಹರಡಿಬಿಡುತ್ತವೆ. ಅಲ್ಲಿ ಮಾತ್ರ ದೊಡ್ಡ ಐರನ್ ಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಯಾರಿಂದಲೋ 65 ವ್ಯಾಟ್‌ನ ಐರನ್ ತಂದು ಮಳೆ ಬಂದರೆ ಸದ್ದು ಮಾಡುವ ಯಂತ್ರ ಮಾಡಲು ಹೊರಟಿದ್ದೆ. ಬಿಸಿ ಹೆಚ್ಚಾಗಿ ಬೋರ್ಡಿನ ಮೇಲಿದ್ದ ತಾಮ್ರದ ಪಟ್ಟಿಯೇ ಕಿತ್ತುಬಂತು. ಟ್ರಾನ್ಸಿಸ್ಟರ್ ಕೆಟ್ಟಿತು. ನನಗೆ ಈ ಕೆಲಸ ಒಗ್ಗುವುದಿಲ್ಲ ಎಂದುಕೊಂಡು ಒಂದು ವರ್ಷ ಅದನ್ನು ಮುಟ್ಟಲೇ ಇಲ್ಲ. ತಪ್ಪಿದ್ದದ್ದು ನನ್ನ ಕೈಯಲ್ಲಲ್ಲ, ನನ್ನ ಆಯ್ಕೆಯಲ್ಲಿ. ನಿಮಗೆ ಹಾಗಾಗಬಾರದು.

'ಶಾಖವನ್ನು ಬೇಕಾದಷ್ಟಕ್ಕೆ ನಿಲ್ಲಿಸುವ ಐರನ್ ಇನ್ನೂ ಒಳ್ಳೆಯದಲ್ಲವೇ?' ಎಂದು ನೀವು ಕೇಳಬಹುದು. ನಿಜ, ಒಳ್ಳೆಯದೇ. ಆದರೆ ಅದರ ಬೆಲೆಗೆ ಹಲವು ಸಾದಾ ಐರನ್‌ಗಳು ಬರುತ್ತವೆ. ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದು ದುಬಾರಿ ಐರನ್‌ಗಿಂತ ಮಕ್ಕಳ ಕೈಗೆ ಸಿಗುವ ಎರಡು ಸಾದಾ ಐರನ್‌ಗಳೇ ಮೇಲು.

ಕೊಳ್ಳುವಾಗ ಮೊದಲು ಪ್ಲಗ್ ನೋಡಿ. ಮೂರು ಕಡ್ಡಿಯ ಪ್ಲಗ್ ಇರುವುದನ್ನೇ ಆರಿಸಿ. ಮೇಲಿನ ದಪ್ಪ ಕಡ್ಡಿ ಭೂಸಂಪರ್ಕದ್ದು. ಒಳಗಿನ ತಂತಿ ಸಡಿಲಗೊಂಡು ಲೋಹದ ಕೊಳವೆಗೆ ತಗುಲಿದರೆ ವಿದ್ಯುತ್ತು ನಿಮ್ಮ ಮೈಮೂಲಕ ಹೋಗದೆ ಭೂಮಿಗೆ ಹೋಗಲು ಅದು ದಾರಿ ಮಾಡಿಕೊಡುತ್ತದೆ. ಆದರೆ ಗೋಡೆಯ ಸಾಕೆಟ್ಟಿಗೂ ಭೂಸಂಪರ್ಕವಿದ್ದರೆ ಮಾತ್ರ ಈ ರಕ್ಷಣೆ ಸಿಗುತ್ತದೆ. ಅದನ್ನು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಲು ನಿಮ್ಮ ಮೇಷ್ಟ್ರಿಗೆ ಹೇಳಿ.

ಎರಡನೆಯದು ಸ್ಟ್ಯಾಂಡ್. ಕಾದ ತುದಿಯ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಕುದಿಯುವ ನೀರಿನ ಬಿಸಿ 100 ಡಿಗ್ರಿ ಮಾತ್ರ! ಅಂಥದನ್ನು ಬೆಂಚಿನ ಮೇಲೆ ಹಾಗೇ ಇಡಬಹುದೇ? ಸುರುಳಿ ತಂತಿಯ, ಭಾರವಾದ ತಳದ ಸ್ಟ್ಯಾಂಡ್ ಇಲ್ಲದೆ ಐರನ್ ಕೊಳ್ಳಲೇಬೇಡಿ.

ಮೂರನೆಯದು ಬೆಸುಗೆ ತಂತಿ. ಇದರ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಹಳೆಯ ಬಗೆಯ ತಂತಿಯಲ್ಲಿ 60 ಭಾಗ ತವರ, 40 ಭಾಗ ಸೀಸ ಇರುತ್ತದೆ. ಶುದ್ಧ ತವರ 232 ಡಿಗ್ರಿಯಲ್ಲಿ, ಶುದ್ಧ ಸೀಸ 327 ಡಿಗ್ರಿಯಲ್ಲಿ ಕರಗುತ್ತವೆ. ಆದರೆ ಈ ಮಿಶ್ರಲೋಹ 183 ಡಿಗ್ರಿಗೇ ಕರಗಲು ತೊಡಗುತ್ತದೆ. ಸೋಜಿಗವಲ್ಲವೇ? ಕೆಲಸವೇನೋ ಸುಲಭ. ಆದರೆ ಸೀಸ ವಿಷ. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ತಂತಿ ಹಿಡಿದ ಕೈಯಿಂದಲೇ ತಿಂಡಿ ತಿಂದರೆ ಅದು ಹೊಟ್ಟೆ ಸೇರುತ್ತದೆ. ಯುರೋಪಿನ ದೇಶಗಳು 2006ರ ಜುಲೈ 1ರಿಂದ ಬಹುಪಾಲು ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸದ ಬಳಕೆಗೆ ಕಟ್ಟುನಿಟ್ಟಿನ ಮಿತಿ ಹಾಕಿದವು. ತವರಕ್ಕೆ ಸ್ವಲ್ಪ ತಾಮ್ರ ಬೆರೆಸಿದ, ಸೀಸವಿಲ್ಲದ ತಂತಿಯೂ ಸಿಗುತ್ತದೆ. ಅದು ಸುಮಾರು 227 ಡಿಗ್ರಿಯಲ್ಲಿ ಕರಗುತ್ತದೆ. ಬೆಲೆ ಹೆಚ್ಚು, ಕೆಲಸ ತುಸು ನಿಧಾನ. ಆದರೂ ಶಾಲೆಗೆ ಅದೇ ಸರಿ ಎಂದು ನಾನು ಹೇಳುತ್ತೇನೆ. ಯಾವ ತಂತಿಯಾದರೂ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಬೆಸುಗೆ ಹಾಕುವಾಗ ಏಳುವ ಹೊಗೆ ಎಲ್ಲಿಂದ ಬರುತ್ತದೆ? ತಂತಿಯ ಒಳಗೆ ರಾಳ ತುಂಬಿರುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಹಾಕಿ ಉಜ್ಜುವುದನ್ನು ನಿಮ್ಮ ಅಜ್ಜಿ ನೋಡಿರುತ್ತಾರೆ, ಕೇಳಿ. ಅಲ್ಲಿ ನವಸಾಗರ ಮಾಡುವ ಕೆಲಸವನ್ನು ಇಲ್ಲಿ ರಾಳ ಮಾಡುತ್ತದೆ. ಲೋಹದ ಮೇಲಿನ ಆಕ್ಸೈಡ್ ಪದರವನ್ನು ತೆಗೆದು ತವರ ಚೆನ್ನಾಗಿ ಅಂಟುವಂತೆ ಮಾಡುತ್ತದೆ. ಈ ಹೊಗೆಯನ್ನು ಉಸಿರಾಡುವುದು ಒಳ್ಳೆಯದಲ್ಲ. ಆದ್ದರಿಂದ ಕಿಟಕಿ ತೆರೆದಿಟ್ಟುಕೊಂಡು, ಮುಖ ಪಕ್ಕಕ್ಕಿಟ್ಟುಕೊಂಡು ಕೆಲಸ ಮಾಡಿ.

'ಇದು ಮಕ್ಕಳ ಕೆಲಸವಲ್ಲ' ಎಂದು ದೊಡ್ಡವರು ಹೇಳಬಹುದು. ಕೆಲವೆಡೆ 'ಹುಡುಗಿಯರಿಗೆ ಬೇಡ' ಎನ್ನುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸಲು ಕಲಿತ ಕೈ ಬೆಸುಗೆಯನ್ನೂ ಕಲಿಯಬಲ್ಲದು. ಆದರೆ ಒಂದು ಷರತ್ತು: ಮೇಷ್ಟ್ರು ಅಥವಾ ಮೇಡಂ ಪಕ್ಕದಲ್ಲಿರಬೇಕು. ಒಂದು ಐರನ್ನಿಗೆ ಒಂದೇ ಜೋಡಿ ಕೈ. ವಿದ್ಯುತ್ ಹರಿಯುತ್ತಿರುವ ಸಾಧನಕ್ಕೆ ಎಂದೂ ಬೆಸುಗೆ ಹಾಕಬಾರದು. ಬ್ಯಾಟರಿ ಸೆಲ್ಲಿಗೂ ನೇರವಾಗಿ ಹಾಕಬಾರದು, ಬಿಸಿಗೆ ಅದು ಸಿಡಿಯಬಹುದು.

ಈಗ ನಿಮ್ಮ ಸಂಘದ ಸಭೆ ಕರೆಯಿರಿ. ಮೊದಲು ಏನು ಮಾಡಬೇಕೆಂದು ತೀರ್ಮಾನಿಸಿ: ಎಲ್.ಇ.ಡಿ. ಟಾರ್ಚೋ, ತಾಮ್ರದ ತಂತಿಯ ನವಿಲೋ? ಕೆಲಸ ಯಾವುದೆಂದು ಗೊತ್ತಾದರೆ ಸಾಧನ ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಅಂಗಡಿಯವರು 'ಇದು ಹೆಚ್ಚು ವ್ಯಾಟ್‌ನದು' ಎಂದು ದೊಡ್ಡದನ್ನು ಮುಂದಿಟ್ಟರೆ, 'ನಮ್ಮ ಕೆಲಸಕ್ಕೆ ಎಷ್ಟು ಬೇಕು?' ಎಂದು ಕೇಳಿ. ಹಾಗೆ ಕೇಳುವುದೂ ವಿಜ್ಞಾನವೇ!