ಧೂಳೆಂದು ಅಳಿಸಿದ ಮೂಗುತಿ

ನನ್ನ ಅವ್ವನ ಮೂಗುತಿಯನ್ನು ಕದ್ದವರು ಕಳ್ಳರಲ್ಲ. ಹೊಸಪೇಟೆಯ ಒಂದು ಸ್ಟುಡಿಯೋದವರು. ಅದೂ ಚೊಕ್ಕಟ ಮಾಡುವ ಸದುದ್ದೇಶದಿಂದ!

1958ರಲ್ಲಿ ಅಪ್ಪ ಅವಳನ್ನು ಹಂಪಿಯ ಕಲ್ಲಿನ ರಥದ ಮುಂದೆ ನಿಲ್ಲಿಸಿ ತೆಗೆದ ಚಿತ್ರವದು. ಕಪ್ಪು-ಬಿಳುಪಿನ ಆ ನೆಗೆಟಿವ್ ಅರವತ್ತು ವರ್ಷಕ್ಕೂ ಮಿಕ್ಕಿ ಟ್ರಂಕಿನಲ್ಲಿತ್ತು. ಸಂಡೂರಿನಲ್ಲಿದ್ದಾಗ ಕೂತ ಕೆಂಪು ಧೂಳು, ಕಂಪ್ಲಿಗೆ ಮನೆ ಬದಲಾಯಿಸುವಾಗ ಬಿದ್ದ ಗೀರು, ಎಲ್ಲವೂ ಅದರ ಮೇಲಿದ್ದವು. ಸ್ಕ್ಯಾನ್ ಮಾಡಿಸಲು ಕೊಟ್ಟೆ. ಬಂದ ಚಿತ್ರದಲ್ಲಿ ಧೂಳೂ ಇರಲಿಲ್ಲ, ಮೂಗುತಿಯ ಹೊಳಪೂ ಇರಲಿಲ್ಲ. ಹಿಂದಿನ ಕಂಬಗಳ ಅಂಚು ಬೆಣ್ಣೆಯಂತೆ ಕರಗಿತ್ತು.

“ಚುಕ್ಕಿ ಒಂದೂ ಉಳಿಸಿಲ್ಲ ನೋಡ್ರಿ ಸರ್” ಎಂದ ಅಲ್ಲಿಯ ಹುಡುಗ, ಹೆಮ್ಮೆಯಿಂದ.

ಆದದ್ದೇನೆಂದು ವಿಚಾರಿಸಿದೆ. ಈ ಸ್ಕ್ಯಾನರುಗಳು ಫಿಲ್ಮಿನ ಮೂಲಕ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನೂ ಹಾಯಿಸುತ್ತವೆ. ಬಣ್ಣದ ಫಿಲ್ಮಿನ ವರ್ಣದ್ರವ್ಯ ಆ ಬೆಳಕನ್ನು ಬಿಟ್ಟುಕೊಡುತ್ತದೆ; ಧೂಳು ತಡೆಯುತ್ತದೆ. ತಡೆ ಕಂಡಲ್ಲೆಲ್ಲ ಯಂತ್ರ ಅಕ್ಕಪಕ್ಕದಿಂದ ತೇಪೆ ಹಾಕುತ್ತದೆ. ಆದರೆ ಹಳೆಯ ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯದು, ಬೆಳ್ಳಿಯೂ ಆ ಬೆಳಕನ್ನು ತಡೆಯುತ್ತದೆ! ಮೂಗುತಿಯ ಹೊಳಪಿದ್ದಲ್ಲಿ ನೆಗೆಟಿವಿನ ಬೆಳ್ಳಿ ಅತಿ ದಟ್ಟ. ಯಂತ್ರದ ಪಾಲಿಗೆ ಅದು ಧೂಳೇ. ಇಂಥ ಫಿಲ್ಮಿಗೆ ಈ ಉಪಾಯ ಸಲ್ಲದೆಂದು ಯಂತ್ರದ ಕೈಪಿಡಿಗಳೇ ಎಚ್ಚರಿಸುತ್ತವೆ. ಓದುವ ವ್ಯವಧಾನ ಯಾರಿಗಿದೆ?

ಒಂದು ಮೂಗುತಿಗೆ ಇಷ್ಟು ರಂಪವೇ ಎಂದು ವಾಚಕರು ನಗಬಹುದು. ಹಾಗಾದರೆ ಅವ್ವನ ಬೆನ್ನ ಹಿಂದಿದ್ದ ರಥವನ್ನೇ ಕೇಳೋಣ. ಮದ್ರಾಸ್ ಸೇನೆಯ ಅಧಿಕಾರಿ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ಇಂದು ಅಲ್ಲಿಗೆ ಬರುವವರು ಬೋಳು ತಲೆಯ ರಥವನ್ನೇ ಮೂಲರೂಪವೆಂದು ನಂಬಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಶಿಖರವಿತ್ತೆಂಬುದಕ್ಕೆ ಸಾಕ್ಷಿ ಕಲೆಬಿದ್ದ ಆ ಕಾಗದ. ಯಾವುದು ಕೊಳೆ, ಯಾವುದು ಚರಿತ್ರೆ ಎಂದು ಅವಸರದಲ್ಲಿ ತೀರ್ಮಾನಿಸುವವರ ಕೈಗೆ ಅದೂ ಸಿಕ್ಕಿದ್ದರೆ?

ಕೊಳೆಯನ್ನು ಪೂಜಿಸಿರೆಂದು ನಾನು ಹೇಳುತ್ತಿಲ್ಲ. ಸ್ಕ್ಯಾನಿಗೆ ಮೊದಲು ರಬ್ಬರ್ ಬ್ಲೋಅರಿನಿಂದ ಗಾಳಿ ಊದಿ, ಮೃದುವಾದ ಕುಂಚದಿಂದ ಧೂಳು ಕೊಡವಿರಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಫಿಲ್ಮಿನ ಜೆಲಟಿನ್ ಪದರ ನೀರು ಕುಡಿದು ಮೆತ್ತಗಾಗಿ ಗೀರು ಬೀಳುತ್ತದೆ. ಕಪ್ಪು-ಬಿಳುಪಿನದಾದರೆ ಇನ್ಫ್ರಾರೆಡ್ ಉಪಾಯವನ್ನು ನಿಲ್ಲಿಸಿರಿ. ಮೊದಲ ಸ್ಕ್ಯಾನನ್ನು ಇದ್ದಂತೆಯೇ ಕಾದಿಡಿ. ತಿದ್ದುವುದನ್ನು ಅದರ ಪ್ರತಿಯಲ್ಲಿ, ಚುಕ್ಕೆ ಚುಕ್ಕೆಯಾಗಿ, ಚಿತ್ರದಲ್ಲಿರುವವರನ್ನು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿರಿ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಅದಕ್ಕೆ ತಕ್ಕ ಮಜೂರಿ ಕೊಡಲು ನಾವೂ ಕೈ ಹಿಂದೆಗೆಯಬಾರದು. ಅಗ್ಗದಲ್ಲಿ, ಅರ್ಧ ದಿನದಲ್ಲಿ ಬೇಕೆಂದವನು ನಾನೇ ಅಲ್ಲವೇ?

ನೆಗೆಟಿವ್ ನನ್ನ ಬಳಿ ಇತ್ತು. ಎರಡನೆಯ ಸಲ ಸ್ಕ್ಯಾನ್ ಮಾಡಿಸಿದೆ, ಮೂಗುತಿ ಮರಳಿತು. “ಹೇಗೂ ಸ್ಕ್ಯಾನ್ ಆಯಿತಲ್ಲ” ಎಂದು ನೆಗೆಟಿವನ್ನು ಕಸದ ಬುಟ್ಟಿಗೆ ಹಾಕಿದವರ ಮನೆಯ ಅವ್ವಂದಿರ ಮೂಗುತಿಯನ್ನು ಮರಳಿ ತರುವವರು ಯಾರು?