ಹೊಟ್ಟಿ ಸಾಫ್ ಆತೇನ?

ಧಾರವಾಡ ಕಡೆ ಹಿರಿಯರು ಯಾವ ಮುಲಾಜೂ ಇಲ್ಲದೆ ಕೇಳೋ ಪ್ರಶ್ನೆ ಇದು. ಜ್ವರ ಬಂದ ಮೊಮ್ಮಗಳಿಗೂ ಇದೇ, ಮುಖ ಬಾಡಿಸಿಕೊಂಡು ಕೂತ ಹೊಸ ಅಳಿಯನಿಗೂ ಇದೇ. ನಮ್ಮ ತಲೆಮಾರಿಗೆ ಮಾತ್ರ ಬಾಯಿ ಬರಲ್ಲ. ನಮ್ಮ ಆಫೀಸಿನಲ್ಲಿ ಬೆನ್ನುನೋವು, ನಿದ್ದೆ, ಬ್ರೇಕಪ್ಪು ಎಲ್ಲವೂ ಚಹಾದ ಜೊತೆ ಚರ್ಚೆ ಆಗುತ್ತವೆ. ಮಲಬದ್ಧತೆ ಬಗ್ಗೆ ಒಬ್ಬರೂ ಉಸಿರೆತ್ತಲ್ಲ. ಎಲ್ಲರೂ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹುಡುಕಿ, ಏನೋ ಒಂದು ಡಬ್ಬಿ ಆರ್ಡರ್ ಮಾಡಿ ಸುಮ್ಮನಾಗ್ತಾರೆ.

ಅಂಥ ಒಂದು ಡಬ್ಬಿಯನ್ನು ನನ್ನ ಟೀಮಿನ ಹುಡುಗನೊಬ್ಬ ತೋರಿಸಿದ. ಮುಂದೆ ಹಸಿರು ಎಲೆಯ ಚಿತ್ರ, 'ಶುದ್ಧ ನೈಸರ್ಗಿಕ' ಅಂತ ದಪ್ಪ ಅಕ್ಷರ. ಹಿಂದೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ: ಸೋನಾಮುಖಿ. ಎಂಟು ತಿಂಗಳಿಂದ ದಿನಾ ರಾತ್ರಿ ಒಂದು ಚಮಚ. 'ನಾರಿನ ಪುಡಿ ಅಲ್ವಾ, ಏನಾಗುತ್ತೆ' ಅಂದ. ಅದು ನಾರಿನ ಪುಡಿ ಅಲ್ಲ. ಸೋನಾಮುಖಿ ಎಲೆಯಲ್ಲಿರೋ ರಾಸಾಯನಿಕ ಕರುಳಿನ ಗೋಡೆಯನ್ನು ಕೆರಳಿಸಿ ತಳ್ಳಿಸುತ್ತೆ, ಅದಕ್ಕೇ ಆರೇಳು ತಾಸಿನಲ್ಲಿ ಕೆಲಸ ಆಗುತ್ತೆ, ಅದಕ್ಕೇ ಹೊಟ್ಟೆ ಹಿಂಡುತ್ತೆ. ಒಮ್ಮೊಮ್ಮೆ ತಗೊಳ್ಳೋಕೆ ಒಳ್ಳೆ ಔಷಧಿಯೇ. ಆದರೆ ವೈದ್ಯರನ್ನು ಕೇಳದೆ ಒಂದು ವಾರಕ್ಕಿಂತ ಹೆಚ್ಚು ದಿನ ತಗೊಳ್ಳುವಂಥದ್ದಲ್ಲ. ನಮ್ಮಜ್ಜಿ ಕಾಲದ ಔಡಲೆಣ್ಣೆಯೂ ಇದೇ ಜಾತಿ. ಗಿಡದಿಂದ ಬಂದದ್ದೆಲ್ಲ ನಾರು ಅಲ್ಲ.

ನಾರು ಕೆಲಸ ಮಾಡೋ ರೀತಿ ಬೇರೆ. ನಮ್ಮ ದೊಡ್ಡ ಕರುಳಿನ ಮುಖ್ಯ ಡ್ಯೂಟಿ ನೀರು ಹೀರಿಕೊಳ್ಳೋದು. ಒಳಗಿರೋದು ನಿಧಾನವಾದಷ್ಟೂ ಅದು ಹೆಚ್ಚು ಹೀರುತ್ತೆ, ಉಳಿದದ್ದು ಕಲ್ಲಾಗುತ್ತೆ. ಜೀರ್ಣವಾಗದೆ ಅಲ್ಲಿವರೆಗೂ ಬಂದ ನಾರು ಆ ನೀರನ್ನು ಬಿಟ್ಟುಕೊಡದೆ ಹಿಡಿದು ಕೂರುತ್ತೆ, ಗಾತ್ರ ಕೊಡುತ್ತೆ, ಮೆದುವಾಗಿಸುತ್ತೆ. ಅಷ್ಟೇ. ಆದರೆ ಇದಕ್ಕೆ ದಿನಗಳು, ಕೆಲವರಿಗೆ ವಾರಗಳೇ ಬೇಕು. 'ನಾಳೆ ಬೆಳಿಗ್ಗೆಗೆ' ಅಂತ ಅವಸರ ಇದ್ದವರಿಗೆ ಇದು ರುಚಿಸಲ್ಲ, ಡಬ್ಬಿಯವರು ಗೆಲ್ಲೋದೂ ಅಲ್ಲೇ.

ಆ ಹುಡುಗನ ಒಂದು ದಿನದ ಊಟವನ್ನು ಎಕ್ಸೆಲ್‌ಗೆ ಹಾಕಿದೆ. ಎಂಜಿನಿಯರ್ ಬುದ್ಧಿ, ಎಲ್ಲಿಗೆ ಹೋಗುತ್ತೆ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 2.8 ಗ್ರಾಂ, ಮೈದಾದಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಪಿಜಿಯ ಇಡ್ಲಿ, ಮಧ್ಯಾಹ್ನ ಅನ್ನ ಸಾಂಬಾರು, ರಾತ್ರಿ ಪರೋಟಾ. ಎಲ್ಲ ಕೂಡಿಸಿದರೂ 13 ಗ್ರಾಂ ದಾಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ ಕನಿಷ್ಠ 25 ಗ್ರಾಂ.

ಈಗ ಹೆಬ್ಬಳ್ಳಿಯ ನಮ್ಮ ಮನೆ ತಾಟು ನೋಡಿ. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಅಂದರೂ ಎರಡು ರೊಟ್ಟಿಗೆ 10 ಗ್ರಾಂ ಬಂತು. ಗಿರಣಿಯಿಂದ ತಂದ ಹಿಟ್ಟನ್ನು ನುಣುಪಿಗಾಗಿ ಸಣ್ಣ ಜರಡಿ ಹಿಡಿದು ತೌಡು ಚೆಲ್ಲದಿದ್ದರೆ ಮಾತ್ರ ಈ ಲೆಕ್ಕ. ಒಂದು ಹಿಡಿ ಹೆಸರುಕಾಳಿನ ಪಲ್ಯದಿಂದ 5 ಗ್ರಾಂ. ಒಂದು ಚಮಚ ಅಗಸಿ ಹಿಂಡಿಯಿಂದ ಎರಡೂವರೆ. (ಧಾರವಾಡದ ಹೆಬ್ಬಳ್ಳಿ ಅಗಸಿಗೂ ಈ ಅಗಸಿಗೂ ಸಂಬಂಧ ಇಲ್ಲ, ಅದು ಊರಬಾಗಿಲು, ಇದು ಬೀಜ.) ಬದಿಗೆ ಹಕ್ಕರಕಿ, ಮೂಲಂಗಿ, ಹಸಿ ಉಳ್ಳಾಗಡ್ಡಿ. ಸಂಜೆಗೆ ಒಂದು ನವಲೂರು ಪೇರಲ, ಬೀಜ ಉಗಿಯದೆ ತಿಂದರೆ ಮತ್ತೆ 5 ಗ್ರಾಂ. ಯಾವ ಡಬ್ಬಿಯೂ ಇಲ್ಲದೆ 25ರ ಹತ್ತಿರ ಬಂದೇಬಿಟ್ಟೆವು. ಗಿರ್ಮಿಟ್ಟು ಮಿರ್ಚಿ ಬಿಡಿ ಅಂತ ಹೇಳೋ ಧೈರ್ಯ ನನಗಿಲ್ಲ, ಆದರೆ ಅದನ್ನು ರಾತ್ರಿ ಊಟ ಅಂತ ಲೆಕ್ಕ ಹಿಡೀಬೇಡಿ.

'ಬೆಂಗಳೂರಿನ ಪಿಜಿಯಲ್ಲಿ ರೊಟ್ಟಿ ಬಡಿಯೋರು ಯಾರು?' ಅಂತೀರಿ. ಖಡಕ್ ರೊಟ್ಟಿ ತರಿಸಿಕೊಳ್ಳಿ, ವಾರಗಟ್ಟಲೆ ಕೆಡಲ್ಲ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಡಬ್ಬಿಯಲ್ಲಿ ಇರಲಿ. ಹೆಸರುಕಾಳು ನೆನೆಹಾಕೋಕೆ ಒಂದು ಬಟ್ಟಲು ಸಾಕು.

ಅದೂ ಆಗದವರಿಗೆ ಇಸಬ್ಗೋಲ್. ಗುಜರಾತ್, ರಾಜಸ್ಥಾನದ ಕಡೆ ಬೆಳೆಯೋ ಸಣ್ಣ ಗಿಡದ ಬೀಜದ ಹೊಟ್ಟು ಅದು. ನೀರಿಗೆ ಬಿದ್ದರೆ ಲೋಳೆಯಾಗಿ ಉಬ್ಬುತ್ತೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚು ಒಡೆಯೋದಿಲ್ಲ, ಹಾಗಾಗಿ ಹಿಡಿದ ನೀರನ್ನು ಕೊನೇವರೆಗೂ ಒಯ್ಯುತ್ತೆ. ಮಲಬದ್ಧತೆಗೆ ನಾರು ಕೊಟ್ಟು ನೋಡಿದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಇದರ ಸಾಕ್ಷ್ಯ ಚೆನ್ನಾಗಿದೆ. ಆದರೆ ದಿನಕ್ಕೆ 10 ಗ್ರಾಂಗಿಂತ ಹೆಚ್ಚು, ಕನಿಷ್ಠ 4 ವಾರ ತಗೊಂಡವರಲ್ಲಿ. ಮೂರು ದಿನ ಅರ್ಧ ಚಮಚ ತಿಂದು 'ಕೆಲಸ ಮಾಡಲ್ಲ ಮಾರಾಯ' ಅನ್ನೋದು ಅದಕ್ಕೆ ಮಾಡೋ ಅನ್ಯಾಯ. ಹಾಗಂತ ಮೊದಲ ದಿನವೇ 10 ಗ್ರಾಂಗೆ ಹಾರಬೇಡಿ. ಹೊಟ್ಟೆ ಉಬ್ಬಿ, ಗ್ಯಾಸ್ ಆಗಿ ಮೀಟಿಂಗಿನಲ್ಲಿ ಕೂರೋದು ಕಷ್ಟ ಆಗುತ್ತೆ. ಒಂದು ಚಮಚದಿಂದ ಶುರು ಮಾಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಪ್ರತಿ ಸಲ ದೊಡ್ಡ ಲೋಟ ತುಂಬ ನೀರು. ಒಣ ಹೊಟ್ಟನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ತಾಸಾದರೂ ಅಂತರ ಇರಲಿ, ಕೆಲವು ಮಾತ್ರೆಗಳಿಗೆ ಇನ್ನೂ ಹೆಚ್ಚು ಬೇಕು.

ಇನ್ನೊಂದು, ನಾರಿಗೆ ಸಂಬಂಧವಿಲ್ಲದ್ದು. ತಿಂಡಿ ಆದ ಮೇಲೆ ದೊಡ್ಡ ಕರುಳು ತಾನಾಗೇ ಚುರುಕಾಗುತ್ತೆ. ನಾವು ಅದೇ ಹೊತ್ತಿಗೆ ಚಿಗರಿ ಬಸ್ಸಿನಲ್ಲಿ ನಿಂತಿರ್ತೀವಿ, ಇಲ್ಲ ಒಂಬತ್ತೂವರೆಯ ಕಾಲ್‌ನಲ್ಲಿರ್ತೀವಿ. ದಿನಾ ತಡೆದರೆ ಕರೆ ಬರೋದೇ ಕಡಿಮೆಯಾಗುತ್ತೆ. ತಿಂಡಿಯನ್ನು ಅರ್ಧ ತಾಸು ಮುಂಚೆ ಮಾಡಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಚಿಗವ್ವನ ವಿಷಯ ಹೇಳಲೇಬೇಕು. ಹೆಬ್ಬಳ್ಳಿಯಲ್ಲೇ ಇರ್ತಾಳೆ. ಹುಟ್ಟಿದಾಗಿನಿಂದ ರೊಟ್ಟಿ, ಪುಂಡಿ ಪಲ್ಯ, ಕಾಳು ತಿಂದ ಜೀವ. ನಾರಿಗೆ ಯಾವ ಕೊರತೆಯೂ ಇಲ್ಲ. ಆದರೂ ಕಳೆದ ವರ್ಷ ವಾರಕ್ಕೆ ಎರಡೇ ಸಲ ಆಗತೊಡಗಿತು, ಇಸಬ್ಗೋಲ್ ತಗೊಂಡರೂ ಜಗ್ಗಲಿಲ್ಲ.

'ಚಿಗವ್ವ, ಡಾಕ್ಟರ್‌ಗೆ ತೋರ್ಸಿಯೇನು?'

'ಇದಕ್ಕೆಲ್ಲಾ ಡಾಕ್ಟರ್ ಯಾಕೋ ತಮ್ಮಾ? ಹೇಳಾಕ ನಾಚಿಕಿ ಬರತೈತಿ.'

ಊರಲ್ಲಿ ಎಲ್ಲರ ಹೊಟ್ಟೆ ವಿಚಾರಿಸೋ ಹೆಂಗಸು! ಸುಸ್ತು, ಮೈ ಊದಿದಂಗೆ, ಬ್ಯಾಸಗಿಯಲ್ಲೂ ಚಳಿ ಅಂತ ಹೊದ್ದುಕೊಳ್ಳೋದು. ಕರೆದುಕೊಂಡು ಹೋಗಿ ಒಂದು ರಕ್ತಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಕಡಿಮೆ ಇತ್ತು. ಆರು ತಿಂಗಳು ಆಕೆ ಹೊಟ್ಟಿಗೆ ಹೊಟ್ಟು ಸುರಿದದ್ದು ಇದಕ್ಕೆ.

ನಾರು ತುಂಬೋದು ನಾರಿನ ಕೊರತೆಯನ್ನು ಮಾತ್ರ. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತಹೀನತೆಗೆ ಕೊಡೋ ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆ, ಇವೆಲ್ಲ ಮಲಬದ್ಧತೆ ತರ್ತವೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ವರ್ಷಗಟ್ಟಲೆ ಸರಿಯಿದ್ದದ್ದು ಏಕಾಏಕಿ ಬದಲಾದರೆ 'ಪೈಲ್ಸ್ ಇರಬೇಕು' ಅಂತ ನೀವೇ ತೀರ್ಪು ಕೊಡಬೇಡಿ, ತೋರಿಸಿ. ವಾಂತಿ ಬಂದು, ಹೊಟ್ಟೆ ಬಿರುಸಾಗಿ, ಗಾಳಿಯೂ ಹೋಗದಿದ್ದರೆ ಇಸಬ್ಗೋಲ್ ಡಬ್ಬಿ ಮುಟ್ಟಲೇಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ತಂದೆ ತಾಯಿ ಊರಲ್ಲಿದ್ದರೆ ಈ ಪ್ರಶ್ನೆಯನ್ನು ಈ ಸಲ ನೀವೇ ಅವರಿಗೆ ಕೇಳಿ.

ನಮ್ಮ ಟೀಮಿನ ಹುಡುಗ ವೈದ್ಯರನ್ನು ಕೇಳಿ ಸೋನಾಮುಖಿ ನಿಧಾನಕ್ಕೆ ಬಿಡ್ತಿದ್ದಾನೆ, ಇನ್ನೂ ಪೂರ್ತಿ ಸರಿಹೋಗಿಲ್ಲ. ಚಿಗವ್ವ ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತಗೊಳ್ತಾಳೆ. ನಾರು ಆ ಮಾತ್ರೆಯನ್ನು ಮೈಗೆ ಹತ್ತಗೊಡಲ್ಲ ಅಂತ ಡಾಕ್ಟರ್ ಹೇಳಿದ್ದಕ್ಕೆ ಇಸಬ್ಗೋಲ್ ಡಬ್ಬಿಯನ್ನು ಅಡುಗೆಮನೆ ಕಟ್ಟೆಯಿಂದ ಎತ್ತಿ ಹಾಸಿಗೆ ಪಕ್ಕದ ಗೂಡಿನಲ್ಲಿ ಇಟ್ಟಿದ್ದಾಳೆ, ರಾತ್ರಿಗೆ.