ಹಳೇ ಟ್ರ್ಯಾಕ್ಟರು ಕೊಟ್ಟ ಮೇಲೂ ದಂಡ ರೈತನಿಗೇ?



ಹಳೇ ಟ್ರ್ಯಾಕ್ಟರನ್ನು ಷೋರೂಮಿಗೆ ಕೊಟ್ಟು ಹೊಸದನ್ನು ತರುವ 'ಎಕ್ಸ್‌ಚೇಂಜ್' ವ್ಯವಹಾರ ಈಗ ಹಳ್ಳಿಹಳ್ಳಿಗೂ ಬಂದಿದೆ. ಮೊನ್ನೆ ನಮ್ಮ ಕಡೆಯ ರೈತರೊಬ್ಬರು ಇಂಥದೇ ವ್ಯವಹಾರದ ಕಾಗದ ಹಿಡಿದುಕೊಂಡು ಬಂದರು. ಹಳೇ ಗಾಡಿ ಕೊಟ್ಟು ಎರಡು ತಿಂಗಳಾಗಿತ್ತು. ಅದನ್ನು ನೋಡಿದ್ದು ಡೀಲರನ ಮೆಕ್ಯಾನಿಕ್, ಓಡಿಸಿದ್ದು ಡೀಲರನ ಡ್ರೈವರು, ಬೆಲೆ ಕಟ್ಟಿದ್ದು ಡೀಲರನೇ. ಈಗ ಅವನೇ ಫೋನು ಮಾಡಿ, "ಗೌಡ್ರೇ, ನಿಮ್ಮ ಗಾಡಿ ಗೇರ್‌ಬಾಕ್ಸ್ ಹೋಗಿತ್ತು, ನೀವು ಹೇಳ್ಲೇ ಇಲ್ಲ. ನಲವತ್ತು ಸಾವಿರ ಕಟ್ಟಿ, ಹೊಸ ಗಾಡಿ ಆರ್.ಸಿ. ತಗೊಂಡು ಹೋಗಿ" ಅಂದನಂತೆ. ಕಟ್ಟದಿದ್ದರೆ ಪೊಲೀಸ್ ಕಂಪ್ಲೇಂಟು ಎಂಬ ಬೆದರಿಕೆ ಬೇರೆ.

ಈ ನಲವತ್ತು ಸಾವಿರ ಎಲ್ಲಿಂದ ಬರಬೇಕು ಸ್ವಾಮಿ? ಬ್ಯಾಂಕು ಸಾಲ ಕೊಡುವಾಗ ರೈತ ತನ್ನ ಪಾಲಿನ ದುಡ್ಡು, ಅಂದರೆ ಮಾರ್ಜಿನ್ ಮನಿ, ತೋರಿಸಬೇಕು. ಎಷ್ಟೋ ಜನಕ್ಕೆ ಹಳೇ ಗಾಡಿಯ ಬೆಲೆಯೇ ಆ ಪಾಲು. ಅದನ್ನು ಆಮೇಲೆ ಕಡಿದರೆ ರೈತ ಕೈಸಾಲಕ್ಕೆ ಓಡಬೇಕು. ಬ್ಯಾಂಕಿನ ಕಂತಿನ ಮೇಲೆ ಸಾಹುಕಾರನ ಬಡ್ಡಿ ಕೂರುತ್ತದೆ. ಹೊಸ ಗಾಡಿ ಇನ್ನೂ ಒಂದು ಸಾಲು ಉಳುವ ಮುಂಚೆಯೇ ಹೊಸ ಸಾಲ!

ನಾವು ಜಾತ್ರೆಯಲ್ಲಿ ಎತ್ತು ಕೊಳ್ಳುವುದು ಹೇಗೆ? ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ವ್ಯಾಪಾರ ಮುಗಿಸಿದ ಮೇಲೆ, ಎರಡು ತಿಂಗಳು ಕಳೆದು "ಎತ್ತು ಕುಂಟುತ್ತೆ, ದುಡ್ಡು ವಾಪಸ್ ಕೊಡು" ಅಂದರೆ ಊರೇ ನಗುತ್ತದೆ. ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. 1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಎತ್ತಿನ ಬದಲು ಕುದುರೆಯ ಉದಾಹರಣೆ ಇದೆ. ಕುದುರೆಗೆ ಖಾಯಿಲೆ ಇದೆಯೆಂದು ಗೊತ್ತಿದ್ದೂ ಮಾಲೀಕ ಬಾಯಿ ಬಿಡದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು, "ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ" ಎಂದಾಗಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. 19ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ನಿಜ ತಿಳಿಯುವಂತಿದ್ದಾಗ, ಮೌನದಿಂದ ಮೋಸಹೋದೆ ಎಂದು ಕರಾರು ಮುರಿಯಲು ಬರುವುದಿಲ್ಲ. ವರ್ಕ್‌ಶಾಪು, ಜಾಕು, ಮೆಕ್ಯಾನಿಕ್ಕು ಎಲ್ಲವನ್ನೂ ಇಟ್ಟುಕೊಂಡವನೇ "ನನಗೆ ತಿಳೀಲಿಲ್ಲ" ಅಂದರೆ ಯಾರು ನಂಬಬೇಕು?

1930ರ ಸರಕು ಮಾರಾಟ ಕಾಯ್ದೆಯನ್ನೂ ನೋಡಿ. ತಾನು ವ್ಯಾಪಾರ ಮಾಡುವ ಸರಕನ್ನೇ ಮಾರುವವನ ಮೇಲೆ, ಅವನ ತಿಳುವಳಿಕೆಯನ್ನು ನಂಬಿ ಕೊಂಡವರ ಪರವಾಗಿ, ಅದು ಗುಣಮಟ್ಟದ ಹೊಣೆ ಹೊರಿಸುತ್ತದೆ. ಟ್ರ್ಯಾಕ್ಟರು ಮಾರುವುದು ಡೀಲರನ ಕಸುಬು, ರೈತನದಲ್ಲ. ಆ ಹೊಣೆಯನ್ನು ತಿರುಗಿಸಿ ನಮ್ಮ ಹೆಗಲಿಗೆ ಹಾಕುವುದು ಯಾವ ನ್ಯಾಯ?

ಹಾಗಂತ ಸುಳ್ಳು ಹೇಳಿದವನ ಪರ ನಾವಿಲ್ಲ. ಬಿರುಕು ಬಿಟ್ಟ ಹೌಸಿಂಗಿಗೆ ಬಣ್ಣ ಬಳಿದು ಮುಚ್ಚಿದವನು, ಗಂಟೆ ಮೀಟರು ತಿರುಗಿಸಿದವನು, ಎಂಜಿನ್ ಬೋರ್ ಮಾಡಿಸಿಯೂ "ಬಿಚ್ಚೇ ಇಲ್ಲ" ಎಂದು ಬರೆದುಕೊಟ್ಟವನು, ಇವರ ಮೇಲೆ ಡೀಲರನಿಗೆ ಹಕ್ಕಿದೆ. ಕರಾರು ರದ್ದು ಕೇಳಬಹುದು, ನಷ್ಟ ಕೇಳಬಹುದು. ನಮ್ಮಲ್ಲೂ ಅಂಥವರಿದ್ದಾರೆ, ಒಪ್ಪಿಕೊಳ್ಳೋಣ. ಆದರೆ ಕೇಳುವ ಜಾಗ ಸಿವಿಲ್ ಕೋರ್ಟು. ಗಾಡಿಯನ್ನು ಮರುಮಾರಾಟಕ್ಕೆ ಕೊಂಡವನಿಗೆ ಗ್ರಾಹಕರ ಆಯೋಗದ ಬಾಗಿಲು ತೆರೆಯುವುದಿಲ್ಲ. 2019ರ ಕಾಯ್ದೆಯಲ್ಲಿ ಅವನು ಗ್ರಾಹಕನೇ ಅಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಟ್ರ್ಯಾಕ್ಟರು ಕೊಂಡ ರೈತ ಗ್ರಾಹಕ. ನಿಮ್ಮ ಆರ್.ಸಿ. ತಡೆದರೆ ದೂರು ಕೊಡಬೇಕಾದವರು ನೀವು.

ಪೊಲೀಸ್ ಅಂದಾಕ್ಷಣ ಬೆವರಬೇಡಿ. ಹಳೇ 420ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318 ಬಂದಿದೆ. ಕಲಮು ಬದಲಾದರೂ, ವ್ಯವಹಾರದ ಮೊದಲಿನಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕು. ಗೇರ್‌ಬಾಕ್ಸ್ ಕೆಟ್ಟಿತು ಎಂಬುದೊಂದೇ ಸಾಲದು.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಯಾರ್ಡಿನಲ್ಲಿ ನಿಂತ ಹಳೆಯದಕ್ಕೂ ಗಿರಾಕಿ ಕಡಿಮೆ ಕೇಳುತ್ತಾನೆ. ಅದು ವ್ಯಾಪಾರದ ಲಾಭನಷ್ಟ. ಅದಕ್ಕೆ 'ದೋಷ' ಅಂತ ಹೆಸರಿಟ್ಟು ನಮ್ಮ ಲೆಕ್ಕಕ್ಕೆ ಬರೆಯಬಾರದು. ಬೆಲೆ ಏರಿದಾಗ ಯಾವ ಡೀಲರನಾದರೂ ಮನೆಗೆ ಬಂದು ಹೆಚ್ಚಿನ ದುಡ್ಡು ಕೊಟ್ಟು ಹೋಗಿದ್ದುಂಟೇ?

ಗಾಡಿ ಕೊಡುವ ದಿನವೇ ಎಚ್ಚರ ಬೇಕು. ಗೊತ್ತಿರುವ ದೋಷವನ್ನು ನೀವೇ ಹೇಳಿ, ಬರೆಸಿ. "ಪರೀಕ್ಷಿಸಿ, ಇದ್ದ ಸ್ಥಿತಿಯಲ್ಲಿ ಪಡೆದಿದ್ದೇವೆ" ಎಂದು ಬೆಲೆ, ದಿನಾಂಕ, ಗಂಟೆ ಮೀಟರಿನ ಅಂಕಿ ಸಮೇತ ಸಹಿ ಮೊಹರು ಹಾಕಿಸಿ. ಖಾಲಿ ಚೆಕ್ಕಿಗೆ ಮಾತ್ರ ಸಹಿ ಹಾಕಬೇಡಿ. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ, ಅದು ಸಾಲಕ್ಕಾಗಿ ಕೊಟ್ಟದ್ದಲ್ಲವೆಂದು ಸಾಬೀತು ಮಾಡುವ ಭಾರ ಸಹಿ ಮಾಡಿದವನ ಮೇಲೇ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಹಳೇ ಗಾಡಿಯ ಆರ್.ಸಿ. ನಿಮ್ಮ ಹೆಸರಲ್ಲೇ ಉಳಿಯಲು ಬಿಡಬೇಡಿ. ಯಾರೋ ಕೊಂಡು, ಯಾರೋ ಓಡಿಸಿ, ಯಾರಿಗೋ ಗುದ್ದಿದರೆ ಪರಿಹಾರದ ನೋಟೀಸು ನಿಮ್ಮ ಮನೆಗೆ ಬರುತ್ತದೆ. ದಾಖಲೆಯಲ್ಲಿ ಹೆಸರಿದ್ದವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿದೆ. 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ: ಅಧಿಕೃತ ಡೀಲರನಿಗೆ ಗಾಡಿ ಒಪ್ಪಿಸಿ ನಮೂನೆ 29ಸಿ ಮೂಲಕ ಆರ್.ಟಿ.ಓ.ಗೆ ತಿಳಿಸಿದರೆ ಅವನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಆ ಕಾಗದ ಆಗದೆ ಕೀಲಿ ಕೊಡಬೇಡಿ.

ನಮ್ಮ ಆ ರೈತರು ಡೀಲರನಿಗೆ ಸ್ಪೀಡ್ ಪೋಸ್ಟಿನಲ್ಲಿ ಮೂರು ಪ್ರಶ್ನೆ ಕಳಿಸಿದ್ದಾರೆ. ನಿಮ್ಮ ಮೆಕ್ಯಾನಿಕ್ ಬರೆದ ತಪಾಸಣೆ ಚೀಟಿ ಎಲ್ಲಿ? ಎರಡು ತಿಂಗಳು ಗಾಡಿ ಓಡಿಸಿದವರು ಯಾರು? ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ನನ್ನನ್ನು ಯಾಕೆ ಕರೆಯಲಿಲ್ಲ? ಉತ್ತರ ಇನ್ನೂ ಬಂದಿಲ್ಲ. ಫೋನೂ ಬಂದಿಲ್ಲ.